ದೊಡ್ಡ ಟೈಲ್ಸ್, ಸಣ್ಣ ಬಚ್ಚಲು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ವಾಚನಾಲಯದಲ್ಲಿ, ಮನೆ ಕಟ್ಟುತ್ತಿರುವವರೂ ಮೇಸ್ತ್ರಿಗಳೂ ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ ಇದು. ಕೊನೆಗೆ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಕಟ್ಟಡ ಕೆಲಸದ ಮೇಲ್ವಿಚಾರಣೆ ನನ್ನ ಉದ್ಯೋಗ. ಕುಂಬಳೆಯಿಂದ ಮುಳ್ಳೇರಿಯದವರೆಗೆ ಈ ಕಡೆಯ ಮನೆಗಳಲ್ಲಿ ನನ್ನ ಸಮಯ ಜಾಸ್ತಿ ಹೋಗುವುದು ಬಚ್ಚಲಿನಲ್ಲೇ. ಇವತ್ತು ನಿಮಗೆ ಹೇಳಬೇಕಾದ್ದು ಇಷ್ಟು: ದೊಡ್ಡ ಟೈಲ್ಸ್ ಹಾಕಬೇಕು ಅಂತ ಮನಸ್ಸಿದ್ದರೆ ಅಂಗಡಿಗೆ ಹೋಗುವ ಮೊದಲು ಬಚ್ಚಲಿಗೆ ಹೋಗಿ. ಟೇಪು, ರಸಮಟ್ಟ, ಒಂದು ಉದ್ದದ ಅಲ್ಯೂಮಿನಿಯಂ ಪಟ್ಟಿ, ಪೆನ್ಸಿಲು ತಗೊಂಡು ಹೋಗಿ. ಯಾವ ಅಳತೆಯ ಟೈಲ್ ಆಗುತ್ತದೆ ಅನ್ನುವುದು ಆ ಗೋಡೆ, ಆ ನೆಲ, ನೀರು ಹೋಗುವ ಜಾಗ ನೋಡಿದರೆ ಗೊತ್ತಾಗುತ್ತದೆ. ಬಣ್ಣ, ಹೊಳಪು, ಮಾರ್ಬಲ್ ಗೆರೆ ಎಲ್ಲ ಆಮೇಲೆ.

ದೊಡ್ಡದು ಅಂದರೆ ಎಷ್ಟು? ಹಿಂದೆ ನಮ್ಮಲ್ಲಿ ಗೋಡೆಗೆ 12 ಇಂಚು 18 ಇಂಚಿನ ಟೈಲ್, ನೆಲಕ್ಕೆ ಅಡಿ ಚೌಕದ್ದು. ಈಗ ಎಲ್ಲರ ಬಾಯಲ್ಲಿ ‘ಎರಡು ನಾಲ್ಕು’, ಅಂದರೆ 600×1200 ಮಿ.ಮೀ. ಅದರಾಚೆ 800×1600 ಇದೆ, 1200×1800 ಇದೆ, 1200×2400ರ ಸ್ಲ್ಯಾಬ್ ಕೂಡ ಇದೆ. ನಮ್ಮ ಅಂಗಡಿಗಳಿಗೆ ಬರುವ ಮಾಲು ಬಹುತೇಕ ಗುಜರಾತಿನ ಮೋರ್ಬಿಯದು.

ದೊಡ್ಡ ಟೈಲ್ ಬರೀ ಷೋಕಿಗೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಲೆಕ್ಕ ನೋಡಿ. 12×18ರ ಟೈಲ್ ಹಾಕಿದರೆ ಒಂದು ಚದರ ಮೀಟರ್ ಗೋಡೆಯಲ್ಲಿ ಸುಮಾರು ಐದೂವರೆ ಮೀಟರ್ ಉದ್ದದ ಸಂದು ಬರುತ್ತದೆ. ಎರಡು ನಾಲ್ಕರದ್ದು ಹಾಕಿದರೆ ಎರಡೂವರೆ ಮೀಟರ್. ಅರ್ಧಕ್ಕಿಂತ ಕಮ್ಮಿ. ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿ.ಮೀ.ಗಿಂತ ಜಾಸ್ತಿ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಚ್ಚಲು ಒಣಗುವುದೇ ಇಲ್ಲ. ಕಪ್ಪು ಬೂಸ್ಟು ಹಿಡಿಯುವುದು ಟೈಲ್‌ಗಲ್ಲ, ಸಂದಿಗೆ. ಸಂದು ಕಮ್ಮಿಯಾದಷ್ಟೂ ಉಜ್ಜುವ ಕೆಲಸ ಕಮ್ಮಿ. ಆ ಕೆಲಸ ಮನೆಯಲ್ಲಿ ಯಾರ ಪಾಲಿಗೆ ಬರುತ್ತದೆ ಅಂತ ನಿಮಗೆ ಗೊತ್ತು. ಹಾಗಾಗಿ ಗೋಡೆಗೆ ದೊಡ್ಡ ಟೈಲ್ ಬೇಕು ಅಂತ ಮನೆಯ ಹೆಂಗಸರು ಹೇಳಿದರೆ ಅದಕ್ಕೆ ಗಟ್ಟಿ ಕಾರಣ ಇದೆ.

ಆದರೆ ತೂಕ ನೋಡಿಕೊಳ್ಳಬೇಕು. 9 ಮಿ.ಮೀ. ದಪ್ಪದ ವಿಟ್ರಿಫೈಡ್ ಟೈಲ್ ಚದರ ಮೀಟರಿಗೆ ಸುಮಾರು 20 ಕೆ.ಜಿ. ತೂಗುತ್ತದೆ. ಎರಡು ನಾಲ್ಕರ ಒಂದು ಟೈಲ್ ಅಂದರೆ 15 ಕೆ.ಜಿ. ಹತ್ತಿರ. ಅದೇ ದಪ್ಪದಲ್ಲಿ 1200×2400ರ ಸ್ಲ್ಯಾಬ್ ತಗೊಂಡರೆ ಒಂದೊಂದೂ 60 ಕೆ.ಜಿ. ಆಸುಪಾಸು. ಅದನ್ನು ಎತ್ತಲು ಗಾಳಿ ಹಿಡಿಯುವ ಸಕ್ಷನ್ ಕಪ್ ಇರುವ ಚೌಕಟ್ಟು ಬೇಕು, ಕೈ ಪಳಗಿದ ಮೂರು ನಾಲ್ಕು ಜನ ಬೇಕು. ನಮ್ಮ ಮನೆಗಳು ಎಲ್ಲಿವೆ? ಗುಡ್ಡದ ಓರೆಯಲ್ಲಿ. ಲಾರಿ ಕೆಳಗಿನ ರಸ್ತೆಯಲ್ಲಿ ನಿಲ್ಲುತ್ತದೆ. ಅಲ್ಲಿಂದ ತೋಟದ ದಾರಿಯಲ್ಲಿ ಹೊರಬೇಕು. ಮೆಟ್ಟಿಲು ತಿರುಗಬೇಕು. ಎರಡೂವರೆ ಅಡಿ ಅಗಲದ ಬಾಗಿಲಲ್ಲಿ ಒಳಗೆ ತರಬೇಕು. ಐದು ಅಡಿ ಎಂಟು ಅಡಿಯ ಬಚ್ಚಲಿಗೆ ಎಂಟು ಅಡಿಯ ಸ್ಲ್ಯಾಬ್ ಬೇಡ ಅಂತಲೇ ನಾನು ಹೇಳುವುದು. ಗೋಡೆಗೆ ಎರಡು ನಾಲ್ಕು ಧಾರಾಳ ಸಾಕು.

ಈಗ ಗೋಡೆಯ ವಿಷಯ. ನಮ್ಮ ಗೋಡೆ ಮುರಕಲ್ಲಿನದು, ಅಂದರೆ ಕೆಂಪುಕಲ್ಲಿನದು. ಯಂತ್ರದಲ್ಲಿ ಕೊಯ್ದ ಕಲ್ಲಾದರೂ ಮುಖ ಒಂದೇ ಸಮ ಇರುವುದಿಲ್ಲ. ಒಂದು ಕಲ್ಲು ಒಳಗೆ, ಇನ್ನೊಂದು ಹೊರಗೆ. ಅದರ ಮೇಲೆ ಸಾರಣೆ ಮಾಡುವಾಗ ಒಂದು ಕಡೆ ಅರ್ಧ ಇಂಚು, ಇನ್ನೊಂದು ಕಡೆ ಒಂದೂವರೆ ಇಂಚು ಆಗುವುದುಂಟು. ಪೇಂಟ್ ಹೊಡೆಯುವ ಗೋಡೆಗೆ ಇದು ಅಷ್ಟು ಕಾಣುವುದಿಲ್ಲ. ಸಣ್ಣ ಟೈಲ್ಸ್ ಕೂಡ ಗೋಡೆಯ ಉಬ್ಬುತಗ್ಗಿನ ಜೊತೆ ಸ್ವಲ್ಪ ಸ್ವಲ್ಪ ಹೊಂದಿಕೊಂಡು ಹೋಗುತ್ತವೆ. ನಾಲ್ಕು ಅಡಿ ಉದ್ದದ ಟೈಲ್ ಬಗ್ಗುವುದಿಲ್ಲ. ಗೋಡೆಯ ನಡುವೆ ಉಬ್ಬಿದ್ದರೆ ಟೈಲ್‌ನ ಎರಡು ತುದಿ ಗಾಳಿಯಲ್ಲಿ ನಿಲ್ಲುತ್ತವೆ. ಪಕ್ಕದ ಟೈಲ್‌ನ ಅಂಚು ಮುಂದೆ ಬರುತ್ತದೆ. ಕೈ ಸವರಿದರೆ ತಾಗುತ್ತದೆ.

15 ಇಂಚಿಗಿಂತ ಉದ್ದದ ಟೈಲ್ ಹಾಕುವ ಗೋಡೆಗೆ ಅಮೆರಿಕದವರು ಒಂದು ನಿಯಮ ಇಟ್ಟುಕೊಂಡಿದ್ದಾರೆ. ಹತ್ತು ಅಡಿ ಪಟ್ಟಿಯನ್ನು ಗೋಡೆಗೆ ಆನಿಸಿದರೆ ಎಲ್ಲೂ 3 ಮಿ.ಮೀ.ಗಿಂತ ಜಾಸ್ತಿ ಸಂದು ಕಾಣಬಾರದು. ನಮ್ಮ ಬಚ್ಚಲಿಗೆ ಆರು ಅಡಿ ಪಟ್ಟಿ ಸಾಕು. ಎರಡು ಮಿ.ಮೀ. ಒಳಗೆ ಇರಲಿ. ಪಟ್ಟಿಯನ್ನು ನೆಟ್ಟಗೆ, ಅಡ್ಡ, ಓರೆ ಎಲ್ಲ ಇಟ್ಟು ನೋಡಿ. ಉಬ್ಬು ಕಂಡಲ್ಲಿ ಪೆನ್ಸಿಲ್ ಗುರುತು ಹಾಕಿ. ಮೂಲೆ ಸರಿ ಇದೆಯಾ ಅಂತ ನೋಡುವುದೂ ಸುಲಭ. ಮೂಲೆಯಿಂದ ಒಂದು ಗೋಡೆಯಲ್ಲಿ 3 ಅಡಿಗೆ, ಇನ್ನೊಂದರಲ್ಲಿ 4 ಅಡಿಗೆ ಗುರುತು ಮಾಡಿ. ಆ ಎರಡು ಗುರುತಿನ ನಡುವೆ ಸರಿಯಾಗಿ 5 ಅಡಿ ಬಂದರೆ ಮೂಲೆ ನೇರ ಇದೆ. ಇಷ್ಟನ್ನೂ ಟೈಲ್ಸ್ ಕೊಳ್ಳುವ ಮೊದಲೇ ಮಾಡಿದರೆ, ತಪ್ಪು ಕಂಡಾಗ ತಿದ್ದಿಸುವ ಖರ್ಚು ಬರೀ ಸಿಮೆಂಟು ಮರಳಿನದ್ದು. ಗೋಡೆ ನೇರ ಮಾಡಲು ಆಗುವುದೇ ಇಲ್ಲ ಅಂತಾದರೆ ದೊಡ್ಡ ಟೈಲ್ ಬಿಡಿ, ಸಣ್ಣದಕ್ಕೆ ಬನ್ನಿ. ಅದರಲ್ಲಿ ಏನೂ ಕಮ್ಮಿಯಿಲ್ಲ.

ಇನ್ನೊಂದು ಮಾತು. ಸಾರಣೆಯ ಮೇಲೆ ನೀರುಸಿಮೆಂಟು ಬಳಿದು ನುಣ್ಣಗೆ ಮಾಡಬೇಡಿ. ಪುಟ್ಟಿಯಂತೂ ಬೇಡವೇ ಬೇಡ. ಮುಖ ಒರಟಾಗಿ ಇದ್ದರೆ ಅಂಟು ಹಿಡಿಯುತ್ತದೆ. ಸಾರಣೆಗೆ ಚೆನ್ನಾಗಿ ನೀರು ಕುಡಿಸಿ, ಆಮೇಲೆ ಒಣಗಲು ಬಿಡಿ. ಮಳೆಗಾಲದಲ್ಲಿ ಇದಕ್ಕೆ ಸಮಯ ಜಾಸ್ತಿ ಬೇಕು. ಗೃಹಪ್ರವೇಶದ ಮುಹೂರ್ತ ಇಟ್ಟುಕೊಂಡು ಅವಸರ ಮಾಡುವ ಜಾಗ ಇದಲ್ಲ.

ಗೋಡೆ ನೇರ ಆಯಿತು. ಈಗ ಟೈಲ್ ಎಲ್ಲೆಲ್ಲಿ ಬರುತ್ತದೆ ಅಂತ ಗೋಡೆಯ ಮೇಲೇ ಗೆರೆ ಎಳೆಯಿರಿ. ಐದು ಅಡಿ ಗೋಡೆ ಅಂದರೆ ಸುಮಾರು 1520 ಮಿ.ಮೀ. ಟೈಲ್ ನೆಟ್ಟಗೆ ನಿಲ್ಲಿಸಿ ಒಂದು ಮೂಲೆಯಿಂದ ಶುರು ಮಾಡಿದರೆ ಎರಡು ಪೂರ್ತಿ ಟೈಲ್, ಕೊನೆಗೆ 320ರ ಒಂದು ತುಂಡು. ಅದೇ ನಡುವೆ ಒಂದು ಪೂರ್ತಿ ಟೈಲ್ ಇಟ್ಟರೆ ಎರಡೂ ಕಡೆ 460ರ ತುಂಡು ಬರುತ್ತದೆ. ನನ್ನ ಕಣ್ಣಿಗೆ ಎರಡನೆಯದೇ ಚೆಂದ. ಬಾಗಿಲು ತೆಗೆದ ಕೂಡಲೇ ಎದುರು ಕಾಣುವ ಗೋಡೆಗಾದರೂ ಹಾಗೆ ಮಾಡಿಸಿ. ಎಂಟು ಅಡಿ ಎತ್ತರಕ್ಕೆ ನೆಟ್ಟಗೆ ಎರಡು ಟೈಲ್ ಬಹುಮಟ್ಟಿಗೆ ಸರಿ ಕೂರುತ್ತವೆ. ಮೂಲೆಯಲ್ಲಿ ಎರಡು ಇಂಚಿನ ಪಟ್ಟಿ ಬರುವ ಹಾಗಿದ್ದರೆ ಆ ಅಳತೆ ನಿಮ್ಮ ಬಚ್ಚಲಿಗೆ ಆಗಲಿಲ್ಲ ಅಂತ ತಿಳಿಯಿರಿ. ನಳ್ಳಿಯ ತೂತು, ಶವರಿಗೆ ನೀರು ತಿರುಗಿಸುವ ಡೈವರ್ಟರ್, ಕಿಟಕಿ ಎಲ್ಲಿ ಬೀಳುತ್ತವೆ ಅಂತಲೂ ಆ ಗೆರೆಗಳಲ್ಲೇ ಗೊತ್ತಾಗುತ್ತದೆ. ಕಿಟಕಿಯ ಮೂಲೆಗೆ ಟೈಲನ್ನು ಎಲ್ ಆಕಾರಕ್ಕೆ ಕತ್ತರಿಸುವಾಗ ಒಳಮೂಲೆಯಿಂದಲೇ ಬಿರುಕು ಹೊರಡುತ್ತದೆ. ಮೊದಲು ಆ ಮೂಲೆಯಲ್ಲಿ ಒಂದು ಗುಂಡು ತೂತು ಕೊರೆದು, ಆಮೇಲೆ ಎರಡೂ ಕಡೆಯಿಂದ ಅಲ್ಲಿಗೆ ಕತ್ತರಿಸಿದರೆ ಒಡೆಯುವ ಭಯ ಕಮ್ಮಿ.

ಗೆರೆ ಎಳೆಯುವುದರಿಂದ ನಮ್ಮೂರಿಗೆ ಇನ್ನೊಂದು ಉಪಕಾರ ಇದೆ. ಮನೆಯವರದ್ದು ಕನ್ನಡ ಅಥವಾ ತುಳು. ಅಂಗಡಿಯವರದ್ದು ಮಲಯಾಳ. ಕೆಲಸಕ್ಕೆ ಬರುವ ಹುಡುಗರು ಹೆಚ್ಚಾಗಿ ಹೊರ ರಾಜ್ಯದವರು, ಅವರ ಜೊತೆ ಹಿಂದಿ. ನೀವು ಹೇಳಿದ್ದು ಅವರಿಗೆ ಮುಟ್ಟುವಷ್ಟರಲ್ಲಿ ಬೇರೆಯೇ ಆಗಿರುತ್ತದೆ. ಗೋಡೆಯ ಮೇಲಿನ ಗೆರೆ ಎಲ್ಲರಿಗೂ ಅರ್ಥವಾಗುತ್ತದೆ.

ಅಂಟಿಸುವ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಯಾಕೆಂದರೆ ಗೋಡೆಯ ಟೈಲ್ ಬೀಳುವುದು ಹೆಚ್ಚಾಗಿ ಇಲ್ಲಿನ ತಪ್ಪಿನಿಂದ.

ನಮ್ಮ ಮಾಡಿನ ಮಂಗಳೂರು ಹಂಚು ನಿಮಗೆ ಗೊತ್ತಲ್ವಾ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರು ಮಾಡಿದ್ದು. ಹಂಚು ಮಳೆಗಾಲದಲ್ಲಿ ನೀರು ಕುಡಿದು ಬಣ್ಣ ಕಪ್ಪಾಗುತ್ತದೆ, ಭಾರ ಆಗುತ್ತದೆ. ಸುಟ್ಟ ಮಣ್ಣಿನಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ, ಅದಕ್ಕೆ. ಗೋಡೆಯ ಹಳೆ ಸೆರಾಮಿಕ್ ಟೈಲ್ ಕೂಡ ಹಾಗೆಯೇ. ಅದು ತನ್ನ ತೂಕದ ನೂರಕ್ಕೆ 10ಕ್ಕಿಂತ ಜಾಸ್ತಿ ನೀರು ಕುಡಿಯುತ್ತದೆ. ಸಿಮೆಂಟಿನ ಹಾಲು ಆ ರಂಧ್ರಗಳ ಒಳಗೆ ಹೋಗಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ವಿಟ್ರಿಫೈಡ್ ಟೈಲನ್ನು ಬಹಳ ಒತ್ತಡದಲ್ಲಿ ಒತ್ತಿ, ಸುಮಾರು 1200 ಡಿಗ್ರಿ ಶಾಖದಲ್ಲಿ ಸುಡುತ್ತಾರೆ. ಮಣ್ಣು ಅರ್ಧ ಗಾಜಾಗುತ್ತದೆ. ಅದು ಕುಡಿಯುವ ನೀರು ನೂರಕ್ಕೆ ಅರ್ಧ ಅಥವಾ ಅದಕ್ಕೂ ಕಮ್ಮಿ. ಸಿಮೆಂಟಿನ ಹಾಲಿಗೆ ಒಳಗೆ ಹೋಗಲು ದಾರಿಯೇ ಇಲ್ಲ. ಬರೀ ಸಿಮೆಂಟಿನಲ್ಲಿ ಅಂಟಿಸಿದ ವಿಟ್ರಿಫೈಡ್ ಟೈಲ್ ಗೋಡೆಗೆ ಒರಗಿಕೊಂಡಿರುತ್ತದೆ ಅಷ್ಟೇ. ದೊಡ್ಡ ಟೈಲ್‌ಗಳೆಲ್ಲ ಹೆಚ್ಚಾಗಿ ವಿಟ್ರಿಫೈಡ್. ಅದಕ್ಕೇ ಪಾಲಿಮರ್ ಸೇರಿಸಿದ ಗಮ್ ಬೇಕಾಗುತ್ತದೆ.

ಯಾವ ಟೈಲ್ ಅಂತ ಸಂಶಯ ಬಂದರೆ ಹಿಂಬದಿಗೆ ನಾಲ್ಕು ಹನಿ ನೀರು ಹಾಕಿ. ಸೆರಾಮಿಕ್ ಆದರೆ ನೋಡುತ್ತಿದ್ದಂತೆ ಕುಡಿಯುತ್ತದೆ. ವಿಟ್ರಿಫೈಡ್ ಆದರೆ ಹನಿ ಹಾಗೇ ನಿಲ್ಲುತ್ತದೆ.

ಗಮ್ಮಿನ ಚೀಲವನ್ನೂ ಓದಿ ತನ್ನಿ. ಭಾರತದ ಮಾನಕ ಐಎಸ್ 15477. ಅದರಲ್ಲಿ ಟೈಪ್ 1ರಿಂದ ಟೈಪ್ 5ರವರೆಗೆ ಇದೆ. ಟೈಪ್ 1 ಸಣ್ಣ ಸೆರಾಮಿಕ್‌ಗೆ. ಅದನ್ನು ಅಗ್ಗ ಅಂತ ತಂದು ದೊಡ್ಡ ವಿಟ್ರಿಫೈಡ್‌ಗೆ ಬಳಸಬೇಡಿ. ಕೆಲವು ಚೀಲಗಳಲ್ಲಿ ಯುರೋಪಿನ ಗುರುತು ಸಿ2ಟಿಇ ಅಂತ ಇರುತ್ತದೆ. ಸಿ ಅಂದರೆ ಸಿಮೆಂಟಿನದು, 2 ಅಂದರೆ ಹಿಡಿತ ಜಾಸ್ತಿ, ಟಿ ಅಂದರೆ ನೆಟ್ಟಗಿನ ಗೋಡೆಯಲ್ಲಿ ಟೈಲ್ ಕೆಳಗೆ ಜಾರುವುದಿಲ್ಲ, ಇ ಅಂದರೆ ಬಳಿದ ಮೇಲೆ ಅರ್ಧ ಗಂಟೆಯಾದರೂ ಹಸಿ ಇರುತ್ತದೆ. ಬಚ್ಚಲ ಗೋಡೆಗೆ ದೊಡ್ಡ ಟೈಲ್ ಹಾಕುವಾಗ ಈ ನಾಲ್ಕೂ ಬೇಕು. 20 ಕೆ.ಜಿ. ಚೀಲ, 6 ಮಿ.ಮೀ. ದಪ್ಪಕ್ಕೆ, ಸುಮಾರು 25 ಚದರ ಅಡಿಗೆ ಬರುತ್ತದೆ. ಎಂಟು ಅಡಿ ಎತ್ತರಕ್ಕೆ ಟೈಲ್ ಹಾಕಿದರೆ ಐದು ಎಂಟರ ಬಚ್ಚಲಿನ ಗೋಡೆ, ಬಾಗಿಲು ಬಿಟ್ಟು, 190 ಚದರ ಅಡಿ ಆಗುತ್ತದೆ. ಏಳೆಂಟು ಚೀಲ ಬೇಕು. ಮೂರು ಚೀಲದಲ್ಲಿ ಮುಗಿಸಿದೆ ಅಂತ ಯಾರಾದರೂ ಹೇಳಿದರೆ ಟೈಲ್ ಹಿಂದೆ ಎಷ್ಟು ಟೊಳ್ಳಿದೆ ಅಂತ ಲೆಕ್ಕ ಹಾಕಿ.

ಟೊಳ್ಳು ಹೇಗೆ ಬರುತ್ತದೆ? ಟೈಲ್‌ನ ಹಿಂದೆ ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು ಉಂಡೆ ಇಟ್ಟು ಒತ್ತುವ ಪದ್ಧತಿ ಇದೆ. ಕೆಲಸ ಬೇಗ ಆಗುತ್ತದೆ. ಆದರೆ ಉಂಡೆಗಳ ನಡುವಿನ ಜಾಗ ಖಾಲಿ. ಸಂದಿನಿಂದ ಇಳಿದ ನೀರು ಅಲ್ಲಿ ನಿಲ್ಲುತ್ತದೆ. ಬಕೆಟ್ ತಾಗಿದರೆ ಟೈಲ್ ಒಡೆಯುತ್ತದೆ. ಸರಿಯಾದ ಕ್ರಮ ಹೀಗೆ: 10 ಅಥವಾ 12 ಮಿ.ಮೀ. ಹಲ್ಲಿನ ಕರಣೆಯಿಂದ ಗೋಡೆಗೆ ಗಮ್ ಬಳಿದು ಸಾಲು ಎಳೆಯಬೇಕು. ಸಾಲುಗಳೆಲ್ಲ ಒಂದೇ ದಿಕ್ಕಿಗೆ, ಟೈಲ್‌ನ ಗಿಡ್ಡ ಬದಿಗೆ ಸಮಾನವಾಗಿ. ಸುತ್ತಿ ಸುತ್ತಿ ಎಳೆದರೆ ಗಾಳಿ ಒಳಗೇ ಸಿಕ್ಕಿಬೀಳುತ್ತದೆ. ಟೈಲ್‌ನ ಹಿಂಬದಿಗೂ ತೆಳ್ಳಗೆ ಒಂದು ಪದರ ಬಳಿಯಬೇಕು. ಇಟ್ಟ ಮೇಲೆ ಸಾಲಿಗೆ ಅಡ್ಡವಾಗಿ ಸ್ವಲ್ಪ ಆಚೀಚೆ ಜರುಗಿಸಿ ಒತ್ತಬೇಕು. ಮೊದಲ ಟೈಲ್ ಇಟ್ಟ ಕೂಡಲೇ ಒಮ್ಮೆ ಕಿತ್ತು ನೋಡಿ ಅಂತ ಮೇಸ್ತ್ರಿಗೆ ಹೇಳಿ. ನೀರು ಬೀಳುವ ಜಾಗದಲ್ಲಿ ನೂರಕ್ಕೆ 95 ಭಾಗ ಗಮ್ ಅಂಟಿರಬೇಕು. ಒಳ್ಳೆಯ ಮೇಸ್ತ್ರಿ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಗಮ್ಮಿಗಿಂತ ಮೊದಲು ವಾಟರ್‌ಪ್ರೂಫಿಂಗ್. ಟೈಲ್ ಹಾಕಿದರೆ ನೀರು ಒಳಗೆ ಹೋಗುವುದಿಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಟೈಲ್ ನೀರು ಬಿಡುವುದಿಲ್ಲ, ಸಂದು ಬಿಡುತ್ತದೆ. ಮುರಕಲ್ಲು ನೀರು ಕುಡಿಯುವ ಕಲ್ಲು. ಬಚ್ಚಲಿನ ಆಚೆ ಮಲಗುವ ಕೋಣೆ ಇದ್ದರೆ ಅಲ್ಲಿನ ಪೇಂಟ್ ಎದ್ದು ಬರುವುದು ಇದರಿಂದಲೇ. ನೆಲಕ್ಕೆ ಪೂರ್ತಿ, ಸುತ್ತಲ ಗೋಡೆಗೆ ಒಂದಡಿ, ಶವರ್ ಇರುವ ಕಡೆ ಏಳಡಿ ಎತ್ತರಕ್ಕೆ ಎರಡು ಪದರ ಕೋಟಿಂಗ್ ಬಳಿಸಿ. ಗೋಡೆ ನೆಲ ಸೇರುವ ಮೂಲೆಗೆ, ಪೈಪಿನ ಸುತ್ತ ಬಲೆಬಟ್ಟೆ ಇಟ್ಟು ಬಳಿಯಲಿ. ಒಣಗಿದ ಮೇಲೆ ನೀರು ಹೋಗುವ ತೂತು ಮುಚ್ಚಿ ಎರಡು ದಿನ ನೀರು ನಿಲ್ಲಿಸಿ ನೋಡಿ. ಟೈಲ್ಸ್‌ಗೆ ಇಟ್ಟ ದುಡ್ಡಲ್ಲಿ ಸ್ವಲ್ಪ ಕಡಿದು ಇಲ್ಲಿಗೆ ಹಾಕಿದರೂ ನಷ್ಟ ಇಲ್ಲ.

ಈಗ ನೆಲ. ನನ್ನ ಮಾತಿನ ಮುಖ್ಯ ಭಾಗ ಇದೇ. ಗೋಡೆಗೆ ತಂದ ಟೈಲನ್ನೇ ನೆಲಕ್ಕೂ ಹಾಕಿಬಿಡೋಣ ಅನ್ನುವವರು ದಯವಿಟ್ಟು ಕೇಳಿ.

ಬಚ್ಚಲ ನೆಲಕ್ಕೆ ಇಳಿಜಾರು ಬೇಕು. ಸ್ನಾನ ಮಾಡುವ ಜಾಗದಲ್ಲಿ ಅಡಿಗೆ ಕಾಲು ಇಂಚು ಅನ್ನುವುದು ಒಳ್ಳೆಯ ಲೆಕ್ಕ. ಐದು ಅಡಿಗೆ ಒಂದೂಕಾಲು ಇಂಚು ಇಳಿಯಬೇಕು. ನೀರು ಹೋಗುವ ತೂತಿನ ಜಾಲಿ ನೆಲದ ನಡುವೆ ಇದ್ದರೆ ನಾಲ್ಕೂ ಕಡೆಯಿಂದ ಅದರ ಕಡೆಗೆ ಇಳಿಯಬೇಕು. ಅಂದರೆ ನೆಲದಲ್ಲಿ ನಾಲ್ಕು ಬೇರೆ ಬೇರೆ ಓರೆ. ನಾಲ್ಕಡಿಯ ಟೈಲ್ ನಾಲ್ಕು ಕಡೆಗೆ ಹೇಗೆ ಬಗ್ಗೀತು? ಮೂಲೆಯಿಂದ ಜಾಲಿಗೆ ಓರೆಯಾಗಿ ಕತ್ತರಿಸಲೇಬೇಕು. ದೊಡ್ಡ ಟೈಲ್ ಕೊಂಡು ತ್ರಿಕೋನದ ತುಂಡು ಮಾಡಿದ ಹಾಗಾಯಿತು. ಕತ್ತರಿಸಲು ಮನಸ್ಸಿಲ್ಲದೆ ಇಳಿಜಾರನ್ನೇ ಕಮ್ಮಿ ಮಾಡಿಬಿಡುವುದು ಅದಕ್ಕಿಂತ ದೊಡ್ಡ ತಪ್ಪು. ಮೂಲೆಯಲ್ಲಿ ನೀರು ನಿಂತು ಪಾಚಿ ಕಟ್ಟುತ್ತದೆ.

ನಮ್ಮ ಹಳೆಯ ಮನೆಗಳ ಬಚ್ಚಲು ನೆನಪು ಮಾಡಿಕೊಳ್ಳಿ. ಹಂಡೆಯ ಪಕ್ಕದಲ್ಲಿ ಒಂದು ದೊಡ್ಡ ಹಾಸುಕಲ್ಲು. ಉಳಿಯಿಂದ ಕೊಚ್ಚಿದ ಒರಟು ಮುಖ. ಇಡೀ ಕಲ್ಲು ಒಂದೇ ಕಡೆಗೆ ಓರೆ. ನೀರು ಗೋಡೆಬುಡದ ತೂತಿನಿಂದ ಹೊರಗೆ ಹೋಗಿ ಬಾಳೆಬುಡಕ್ಕೆ. ದೊಡ್ಡ ಹಾಸು, ಒಂದೇ ಓರೆ, ಒರಟು ಮುಖ, ಗೋಡೆಯ ಬದಿಯಲ್ಲಿ ನೀರಿನ ದಾರಿ. ಇವತ್ತು ನೆಲಕ್ಕೆ ದೊಡ್ಡ ಟೈಲ್ ಹಾಕುವುದಾದರೆ ಬೇಕಾದ್ದು ಇದೇ ನಾಲ್ಕು. ಜಾಲಿ ಮೂಲೆಯಲ್ಲಿ ಇರಲಿ, ಇಲ್ಲವೇ ಒಂದು ಗೋಡೆಯ ಉದ್ದಕ್ಕೂ ಉದ್ದದ ಜಾಲಿ ಇಡಿಸಿ. ಆಗ ಇಡೀ ನೆಲ ಒಂದೇ ಓರೆಯಲ್ಲಿ ನಿಲ್ಲುತ್ತದೆ, ಟೈಲ್ ಕತ್ತರಿಸುವ ಕೆಲಸ ಕಮ್ಮಿ. ಆದರೆ ಇದು ಪೈಪು ಹಾಕುವಾಗಲೇ ತೀರ್ಮಾನ ಆಗಬೇಕು. ಜಾಲಿ ನಡುವೆ ಇರುವ ಹಳೆಯ ಬಚ್ಚಲಾದರೆ ನೆಲಕ್ಕೆ ಅಡಿ ಚೌಕದ್ದು ಅಥವಾ ಅದಕ್ಕಿಂತ ಸಣ್ಣದು ಹಾಕಿ. ಗೋಡೆಯ ಬಣ್ಣಕ್ಕೆ ಹೊಂದುವ ಸಣ್ಣ ಟೈಲ್ ಎಲ್ಲ ಕಡೆ ಸಿಗುತ್ತದೆ.

ಒರಟು ಮುಖದ ಮಾತು ಬಂತು. ನಮ್ಮಲ್ಲಿ ತೆಂಗಿನೆಣ್ಣೆ ಹಚ್ಚಿ ಮೀಯುವವರು ಈಗಲೂ ಇದ್ದಾರೆ. ಮಕ್ಕಳಿಗೆ ಎಣ್ಣೆ ತಿಕ್ಕುತ್ತೇವೆ. ದೀಪಾವಳಿಗೆ ಮನೆಯವರಿಗೆಲ್ಲ ಎಣ್ಣೆಸ್ನಾನ. ಎಣ್ಣೆ, ಸಾಬೂನು, ನೀರು ಮೂರೂ ಸೇರಿದ ನೆಲದಲ್ಲಿ ಅಜ್ಜಿಯೊಬ್ಬರು ಜಾರಿ ಸೊಂಟ ಮುರಿದುಕೊಂಡರೆ ಆ ಮನೆಯ ಬದುಕೇ ಬದಲಾಗುತ್ತದೆ. ಹೊಳಪಿನ ಟೈಲ್ ನೆಲಕ್ಕೆ ಬೇಡ. ಇದರಲ್ಲಿ ರಾಜಿ ಇಲ್ಲ.

ಅಂಗಡಿಯಲ್ಲಿ ‘ಮ್ಯಾಟ್’ ಅಂದ ಮಾತ್ರಕ್ಕೆ ಜಾರುವುದಿಲ್ಲ ಅಂತ ಅಲ್ಲ. ಮ್ಯಾಟ್ ಅಂದರೆ ಹೊಳಪು ಇಲ್ಲ ಅಂತ ಅಷ್ಟೇ. ಜಾರುವಿಕೆಗೆ ಬೇರೆ ಅಳತೆ ಇದೆ. ಆರ್9ರಿಂದ ಆರ್13ರವರೆಗಿನ ಜರ್ಮನ್ ಅಳತೆಯನ್ನು ಅಂಗಡಿಯವರು ಹೇಳುತ್ತಾರೆ. ಅದನ್ನು ಅಳೆಯುವುದು ಹೇಗೆ ಗೊತ್ತಾ? ಟೈಲ್ ಹಾಸಿದ ಹಲಗೆಗೆ ಎಂಜಿನ್ ಆಯಿಲ್ ಬಳಿದು, ಬೂಟು ಹಾಕಿದವರನ್ನು ಅದರ ಮೇಲೆ ನಡೆಸುತ್ತಾ ಹಲಗೆಯನ್ನು ಓರೆ ಮಾಡುತ್ತಾ ಹೋಗುತ್ತಾರೆ. ಎಷ್ಟು ಓರೆಗೆ ಜಾರುತ್ತಾರೆ ಅನ್ನುವುದರ ಮೇಲೆ ನಂಬರು. ಬರಿಗಾಲಿಗೆ ಬೇರೆ ಪರೀಕ್ಷೆ ಇದೆ. ಸಾಬೂನು ನೀರಿನ ಮೇಲೆ ಬರಿಗಾಲಲ್ಲಿ ನಡೆಸುವುದು. ಅದಕ್ಕೆ ಎ, ಬಿ, ಸಿ ಅಂತ ದರ್ಜೆ. ಎ ಅಂದರೆ 12 ಡಿಗ್ರಿ, ಬಿ 18, ಸಿ 24. ನಮ್ಮ ಬಚ್ಚಲಿಗೆ ಬೇಕಾದ್ದು ಬರಿಗಾಲಿನ ದರ್ಜೆ. ಬಿ ಇದೆಯಾ ಅಂತ ಕೇಳಿ. ಆ ಲೆಕ್ಕ ಸಿಗದಿದ್ದರೆ ಆರ್10ಕ್ಕಿಂತ ಕೆಳಗೆ ಹೋಗಬೇಡಿ, ಶವರ್ ಕೆಳಗೆ ಆರ್11 ಇರಲಿ. ಒಂದು ಸ್ಯಾಂಪಲ್ ಮನೆಗೆ ತಂದು ನೀರು, ಸಾಬೂನು, ಎರಡು ಹನಿ ಎಣ್ಣೆ ಹಾಕಿ, ಏನಾದರೂ ಗಟ್ಟಿಯಾಗಿ ಹಿಡಿದುಕೊಂಡು ಪಾದ ಉಜ್ಜಿ ನೋಡಿ. ನಿಮ್ಮ ಕಾಲಿಗೆ ಗೊತ್ತಾಗುತ್ತದೆ. ಹಾಗಂತ ತೀರಾ ಒರಟು ಮುಖದ್ದನ್ನು ಇಡೀ ನೆಲಕ್ಕೆ ಹಾಕಬೇಡಿ. ಕೊಳೆ ಕೂತರೆ ಬ್ರಷ್ ಹಿಡಿದು ಉಜ್ಜಬೇಕಾಗುತ್ತದೆ.

ಸಣ್ಣ ಟೈಲ್‌ನಲ್ಲಿ ಸಂದು ಜಾಸ್ತಿ ಇರುವುದರಿಂದ ಕಾಲಿಗೆ ಹಿಡಿತ ಸಿಗುತ್ತದೆ. ಗೋಡೆಯಲ್ಲಿ ಬೇಡವಾದ ಸಂದು ನೆಲದಲ್ಲಿ ನಮ್ಮ ಕಾಲು ಕಾಯುತ್ತದೆ. ಗೋಡೆಗೆ ದೊಡ್ಡದು, ನೆಲಕ್ಕೆ ಸಣ್ಣದು ಅಂತ ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಬಣ್ಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದು ನಿಮ್ಮ ಇಷ್ಟ. ನಿಮ್ಮ ನೀರು ಹೇಗಿದೆ ಅಂತ ಮಾತ್ರ ನೋಡಿಕೊಳ್ಳಿ. ಕೊಳವೆಬಾವಿಯ ನೀರಲ್ಲಿ ಕಬ್ಬಿಣದ ಅಂಶ ಇದ್ದರೆ ಬಿಳಿ ಟೈಲ್ ಸ್ವಲ್ಪ ದಿನದಲ್ಲೇ ಕೆಂಪಾಗುತ್ತದೆ. ಕಡು ಕಪ್ಪಿನಲ್ಲಿ ಸಾಬೂನಿನ ಬಿಳಿ ಕಲೆ ಎದ್ದು ಕಾಣುತ್ತದೆ. ನಡುವಿನ ಬೂದು, ಮರಳು ಬಣ್ಣ ಎರಡನ್ನೂ ತಾಳಿಕೊಳ್ಳುತ್ತದೆ. ಕಲೆ ತೆಗೆಯಲು ಆ್ಯಸಿಡ್ ಸುರಿಯುವ ಅಭ್ಯಾಸ ಬಿಡಿ. ಟೈಲ್‌ಗೆ ಏನೂ ಆಗದಿರಬಹುದು, ಸಂದಿಗೆ ತುಂಬಿದ ಸಿಮೆಂಟ್ ಗ್ರೌಟನ್ನು ಅದು ತಿಂದುಬಿಡುತ್ತದೆ. ಕೈಲಾದರೆ ಎಪಾಕ್ಸಿ ಗ್ರೌಟ್ ಹಾಕಿಸಿ. ಅದು ನೀರು ಕುಡಿಯುವುದಿಲ್ಲ, ಕಲೆ ಹಿಡಿಯುವುದೂ ಕಮ್ಮಿ. ಹಾಕಿದ ಕೂಡಲೇ ಟೈಲ್ ಮೇಲೆ ಉಳಿದದ್ದನ್ನು ಒರೆಸಬೇಕು, ಒಣಗಿದರೆ ಬರುವುದಿಲ್ಲ. ಸಂದೇ ಇಲ್ಲದೆ ಒತ್ತೊತ್ತಾಗಿ ಕೂರಿಸಿ ಅಂತ ಮೇಸ್ತ್ರಿಗೆ ಹೇಳಬೇಡಿ. ಅಂಚು ಉಜ್ಜಿ ನೇರ ಮಾಡಿದ ಟೈಲ್ ಆದರೂ 2 ಮಿ.ಮೀ. ಸಂದು ಬೇಕು. ಗೋಡೆ ಗೋಡೆ ಸೇರುವ ಮೂಲೆಗೆ, ಗೋಡೆ ನೆಲ ಸೇರುವಲ್ಲಿಗೆ ಗ್ರೌಟ್ ಬದಲು ಸಿಲಿಕೋನ್ ತುಂಬಿಸಿ. ಆ ಜಾಗ ಸ್ವಲ್ಪ ಅಲುಗುತ್ತದೆ, ಗ್ರೌಟ್ ಬಿರುಕು ಬಿಡುತ್ತದೆ.

ಇಷ್ಟೆಲ್ಲ ಆದ ಮೇಲೆ ಅಂಗಡಿಗೆ ಹೋಗಿ. ಒಂದೇ ಪೆಟ್ಟಿಗೆಯ ಎರಡು ಟೈಲನ್ನು ಮುಖಕ್ಕೆ ಮುಖ ಇಟ್ಟು ಬದಿಯಿಂದ ನೋಡಿ. ತುದಿಯಲ್ಲಿ ಸಂದು ಕಂಡರೆ ಟೈಲ್ ನಡುವೆ ಉಬ್ಬಿದೆ. ಉದ್ದದ ಟೈಲ್‌ನಲ್ಲಿ ಸ್ವಲ್ಪ ಉಬ್ಬು ಇದ್ದೇ ಇರುತ್ತದೆ. ಅದಕ್ಕೇ ಅವುಗಳನ್ನು ಇಟ್ಟಿಗೆ ಜೋಡಿಸುವ ಹಾಗೆ ಅರ್ಧಕ್ಕೆ ಅರ್ಧ ಸರಿಸಿ ಹಾಕಬಾರದು. ಒಂದರ ಉಬ್ಬು ಇನ್ನೊಂದರ ತುದಿಗೆ ಬಂದು ಅಂಚು ಎದ್ದು ಕಾಣುತ್ತದೆ. ಸರಿಸಲೇಬೇಕಾದರೆ ಮೂರನೇ ಒಂದು ಭಾಗ ಸಾಕು. ಮಾರ್ಬಲ್ ಚಿತ್ರದ್ದಾದರೆ ಎಷ್ಟು ಬೇರೆ ಬೇರೆ ಮುಖ ಇವೆ ಅಂತ ಕೇಳಿ. ಎರಡೇ ಮುಖ ಇದ್ದರೆ ಒಂದೇ ಗೆರೆ ಗೋಡೆ ತುಂಬಾ ಬರುತ್ತದೆ. ಪೆಟ್ಟಿಗೆಯ ಮೇಲೆ ಶೇಡ್ ನಂಬರ್, ಅಳತೆಯ ನಂಬರ್ ಇರುತ್ತವೆ. ಎಲ್ಲ ಪೆಟ್ಟಿಗೆಯಲ್ಲೂ ಅವು ಒಂದೇ ಇರಬೇಕು. ಸಣ್ಣ ಕೋಣೆಗೆ ದೊಡ್ಡ ಟೈಲ್ ಹಾಕುವಾಗ ತುಂಡು ಜಾಸ್ತಿ ಹಾಳಾಗುತ್ತದೆ, ನೂರಕ್ಕೆ 15 ಹೆಚ್ಚು ತನ್ನಿ. ಕೆಲಸ ಮುಗಿದ ಮೇಲೆ ಒಂದು ಪೆಟ್ಟಿಗೆ ಅಟ್ಟದಲ್ಲಿ ಇರಲಿ. ನಾಲ್ಕು ವರ್ಷ ಕಳೆದು ಪೈಪು ಸೋರಿದರೆ ಅದೇ ಟೈಲ್ ಅಂಗಡಿಯಲ್ಲಿ ಸಿಗುವುದಿಲ್ಲ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು.

ಒಬ್ಬ ಅಕ್ಕ ಕೇಳಿದ್ದು: “ಹಳೆ ಟೈಲ್ ಕೀಳದೆ ಅದರ ಮೇಲೇ ಹೊಸತು ಹಾಕಬಹುದಾ?” ಗೋಡೆಗೆ ಹಾಕಬಹುದು ಅಕ್ಕ, ಆದರೆ ಮೊದಲು ಎಲ್ಲ ಟೈಲನ್ನೂ ನಾಣ್ಯದಲ್ಲಿ ತಟ್ಟಿ ನೋಡಿ. ಟೊಳ್ಳು ಸದ್ದು ಬಂದದ್ದನ್ನು ಕೀಳಲೇಬೇಕು. ಉಳಿದದ್ದರ ಹೊಳಪು ಕೆರೆದು, ಅದಕ್ಕೆ ಹೇಳಿದ ಗಮ್ಮನ್ನೇ ಬಳಸಬೇಕು. ಕೆಳಗೆ ಎಲ್ಲಾದರೂ ಸೋರಿಕೆ ಇದ್ದರೆ ಮಾತ್ರ ಹಾಗೆ ಮುಚ್ಚಬೇಡಿ. ನೆಲಕ್ಕೆ ಮೇಲಿಂದ ಹಾಕಿದರೆ ಮಟ್ಟ ಏರುತ್ತದೆ, ಬಚ್ಚಲ ನೀರು ಹೊರಗಿನ ಕೋಣೆಗೆ ಬರುತ್ತದೆ. ಹಾಗಾಗಿ ನೆಲವನ್ನು ಕಿತ್ತೇ ಮಾಡಿಸಿ.

ಹಿರಿಯ ಮೇಸ್ತ್ರಿಯೊಬ್ಬರು ಎದ್ದು ನಿಂತು, “ನೀವು ಹೇಳಿದ್ದು ಎಲ್ಲ ಸರಿ. ಆದರೆ ಚದರ ಅಡಿಗೆ ಇಷ್ಟು ಅಂತ ಹಳೆಯ ರೇಟೇ ಕೊಟ್ಟರೆ ನಾವು ಹಿಂಬದಿಗೂ ಗಮ್ ಬಳಿದು ಇಷ್ಟು ನಿಧಾನ ಮಾಡುವುದು ಹೇಗೆ?” ಅಂದರು. ಅವರ ಮಾತು ನೂರಕ್ಕೆ ನೂರು ನ್ಯಾಯ. ದೊಡ್ಡ ಟೈಲ್ ಎತ್ತಲು ಇಬ್ಬರು ಬೇಕು. ಅಂಚು ಸಮ ಮಾಡಲು ಕ್ಲಿಪ್ಪು, ಬೆಣೆ ಹಾಕಬೇಕು. ಒಂದು ತುಂಡು ಒಡೆದರೆ ನಷ್ಟದ ಭಯ ಬೇರೆ. ಸಣ್ಣ ಟೈಲ್‌ನ ಕೂಲಿಗೆ ದೊಡ್ಡ ಟೈಲ್‌ನ ಕೆಲಸ ಕೇಳುವುದು ಸರಿಯಲ್ಲ. ಮನೆಯವರು ಈ ಕೆಲಸಕ್ಕೆ ದಿನಗೂಲಿಯಲ್ಲೇ ಮಾಡಿಸಲಿ ಅಂತ ನನ್ನ ಅಭಿಪ್ರಾಯ. ಆಗ ಮೇಸ್ತ್ರಿಗೆ ಅವಸರ ಮಾಡುವ ಕಾರಣ ಇರುವುದಿಲ್ಲ.

ಕೊನೆಗೆ ಒಬ್ಬರು ತಮ್ಮ ತಂದೆಗಾಗಿ ಹಿಡಿದುಕೊಳ್ಳುವ ಕಂಬಿ ಹಾಕಿಸುವ ಬಗ್ಗೆ ಕೇಳಿದರು. ಟೈಲ್ ಹಾಕುವ ಮೊದಲೇ ಯೋಚಿಸಬೇಕಾದ ವಿಷಯ ಅದು. ಮುರಕಲ್ಲು ಮೆತ್ತಗಿನ ಕಲ್ಲು, ಸ್ಕ್ರೂ ಗಟ್ಟಿ ನಿಲ್ಲುವುದಿಲ್ಲ. ಕಂಬಿ ಬರುವ ಜಾಗದಲ್ಲಿ ಕಲ್ಲು ಕೊರೆದು ಕಾಂಕ್ರೀಟ್ ತುಂಬಿಸಿ, ಆಮೇಲೆ ಸಾರಣೆ. ಕಂಬಿಯ ಎತ್ತರವನ್ನು ತಂದೆಯವರನ್ನೇ ನಿಲ್ಲಿಸಿ, ಕಮೋಡಿನಲ್ಲಿ ಕೂರಿಸಿ ಗುರುತು ಮಾಡಿ. ಟೈಲ್ ಕೂತ ಮೇಲೆ ತೂತು ಕೊರೆಯುವಾಗ ಡ್ರಿಲ್ಲಿನ ಸುತ್ತಿಗೆ ಹೊಡೆತ ಬಂದ್ ಮಾಡಿ, ನಿಧಾನಕ್ಕೆ, ನೀರು ಹಾಕುತ್ತಾ ಕೊರೆಯಲಿ. ಗೋಡೆಯೊಳಗೆ ನೀರಿನ ಪೈಪು ಎಲ್ಲಿ ಹೋಗಿದೆ ಅಂತ ಸಾರಣೆಗೆ ಮೊದಲೇ ಫೋಟೊ ತೆಗೆದು, ಮೂಲೆಯಿಂದ ಎಷ್ಟು ದೂರ ಅಂತ ಬರೆದಿಟ್ಟುಕೊಳ್ಳಿ.